ಕೊರವಂಜಿಗೆ ಬಾಗಿಲು ತೆರೆದ ಭಾಮೆ

ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಮೋಸ ಹೋಗುವುದು ಒಬ್ಬಳೇ ಒಬ್ಬಳು, ಸತ್ಯಭಾಮೆ. ಅವಳ ಮನೆ ಬಾಗಿಲಿಗೆ ಬುಟ್ಟಿ ಹೊತ್ತು ಬಂದ ಕೊರವಂಜಿ ಬೇರೆ ಯಾರೂ ಅಲ್ಲ, ಅವಳ ಗಂಡ ಕೃಷ್ಣನೇ ಅಂತ ಭಾಗವತನಿಗೆ ಗೊತ್ತು, ಹಾರ್ಮೋನಿಯಂ ಬಾರಿಸುವವನಿಗೆ ಗೊತ್ತು, ಅಟ್ಟದ ಮುಂದೆ ತಾಡಪತ್ರಿ ಹಾಸಿಕೊಂಡು ಕುಂತ ಇಡೀ ಊರಿಗೆ ಗೊತ್ತು. ಭಾಮೆಗೆ ಮಾತ್ರ ಗೊತ್ತಿಲ್ಲ. ಹತ್ತು ಸಲ ನೋಡಿದ ಆಟದಲ್ಲಿ ಹತ್ತು ಸಲವೂ ಅವಳಿಗೆ ಗೊತ್ತಾಗುವುದಿಲ್ಲ. ಹನ್ನೊಂದನೇ ಸಲ ನಾವು ಮತ್ತೆ ನಗುತ್ತೇವೆ.

ಗುಟ್ಟು ಮೊದಲೇ ಗೊತ್ತಿದ್ದರೆ ಸಿನೆಮಾ ಸಪ್ಪೆಯಾಗುತ್ತೆ. ಪಾರಿಜಾತ ಸಪ್ಪೆಯಾಗುವುದಿಲ್ಲ. ಯಾಕಂದ್ರೆ ಇಲ್ಲಿ ಗುಟ್ಟು ಬಯಲಾಗುವುದರಲ್ಲಿ ಮಜಾ ಇಲ್ಲ, ಗುಟ್ಟನ್ನು ಇಟ್ಟುಕೊಂಡು ಕುಂತಿರುವುದರಲ್ಲಿ ಮಜಾ. ಕೃಷ್ಣ ವೇಷ ಹಾಕಿದ್ದು ಭಾಮೆಯನ್ನು ಏಮಾರಿಸಲಿಕ್ಕೆ. ಆದರೆ ಹಾಕುವ ಮೊದಲು ನಮಗೆಲ್ಲ ಹೇಳಿಯೇ ಹಾಕುತ್ತಾನೆ. ಹೇಳಿ ಹಾಕಿದ ವೇಷಕ್ಕೆ ನಮ್ಮ ಕಡೆ ಆಟ ಅಂತಾರೆ, ಹೇಳದೆ ಹಾಕಿದ್ದಕ್ಕೆ ಮೋಸ ಅಂತಾರೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಅನ್ನೋದು ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಪ್ರಶ್ನೆ.

ಬೆಂಗಳೂರು ಕಡೆಯ ಓದುಗರಿಗೆ ಒಂದು ಮಾತು ಹೇಳಿಬಿಡಬೇಕು. ಪಾರಿಜಾತ ಅಂದರೆ ನಮಗೆ ಬರೇ ಹೂವಲ್ಲ. ಬೆಳಗಾವಿ, ಬಾಗಲಕೋಟೆ ಸೀಮೆಯ ಆಟ ಅದು. ಮೂಲದಲ್ಲಿ ಕಟ್ಟಿದವನು ಅಪರಾಳ ತಮ್ಮಣ್ಣ. ಅದನ್ನು ರಂಗದ ಮೇಲೆ ಕುಣಿಸಿ ಹಳ್ಳಿ ಹಳ್ಳಿಗೆ ಮುಟ್ಟಿಸಿದವನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಕಡೆಗೆ ಸುಗ್ಗಿ ಮುಗಿದು ಬಿಳಿಜೋಳ ಮನೆ ಸೇರಿತು ಅಂದ್ರೆ ಜಾತ್ರೆಗಳು ಶುರು, ಜಾತ್ರೆ ಅಂದ್ರೆ ಆಟ ಶುರು. ರಾತ್ರಿ ಊಟ ಮಾಡಿ ಕುಂತರೆ ಬೆಳ್ಳಿ ಮೂಡುವ ತನಕ ನಡೆಯುತ್ತೆ. ನನ್ನ ಊರು ಬೈಲಹೊಂಗಲಕ್ಕೂ ಸವದತ್ತಿಗೂ ನಡುವೆ, ಮಲಪ್ರಭೆಗೆ ಹತ್ತಿರ. ಎರಡೂ ಕಡೆಯ ಆಟ ನೋಡಿ ಬೆಳೆದವನು ನಾನು.

ಕಥೆ ಸಣ್ಣದು. ನಾರದ ಒಂದು ಪಾರಿಜಾತದ ಹೂ ತಂದು ಕೃಷ್ಣನ ಕೈಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಭಾಮೆಗೆ ಮುಟ್ಟುತ್ತದೆ. ಅಷ್ಟೇ, ಮನೆಗೆ ಬೆಂಕಿ ಬಿತ್ತು. ಒಂದು ಹೂವಿನ ಸಲುವಾಗಿ ಇಷ್ಟು ಜಗಳವೇ ಅಂತ ಮದುವೆಯಾಗದವರು ಕೇಳಬಹುದು. ಮದುವೆಯಾದವರು ಕೇಳುವುದಿಲ್ಲ. ಭಾಮೆಗೆ ಸಿಟ್ಟು ಬಂದದ್ದು ಹೂವು ಸಿಗಲಿಲ್ಲ ಅಂತಲ್ಲ, ಕೊಡುವಾಗ ತಾನು ನೆನಪಾಗಲಿಲ್ಲ ಅಂತ.

ಸಿಟ್ಟಿಗೆದ್ದ ಭಾಮೆ ಬಾಗಿಲು ಹಾಕಿಕೊಳ್ಳುತ್ತಾಳೆ. ಕೃಷ್ಣ ಬಾಗಿಲು ಬಡಿಯುತ್ತಾನೆ. ಬಾಗಿಲು ಬಡಿಯುವ ಕೃಷ್ಣ, ಒಳಗಿಂದ ಮಾತಿಗೆ ಮಾತು ಕೊಡುವ ಹೆಂಡತಿ, ಇದು ಬಹಳ ಹಳೇ ಪ್ರಸಂಗ. ಸಂಸ್ಕೃತದಲ್ಲಿ ಇದರ ಮೇಲೆ ಒಂದು ಹೆಸರುವಾಸಿ ಶ್ಲೋಕವೇ ಇದೆ. ಯಾರು ಅಂತ ಒಳಗಿಂದ ಕೇಳಿದರೆ ಮಾಧವ ಅಂತಾನೆ. ಮಾಧವ ಅಂದ್ರೆ ವಸಂತ ಋತು ಅನ್ನುವ ಅರ್ಥವೂ ಇದೆ, ಅದನ್ನೇ ಹಿಡಿದು ಇವಳು ಕಾಲೆಳೆಯುತ್ತಾಳೆ. ಚಕ್ರಿ ಅಂದ್ರೆ ಹಾಗಾದ್ರೆ ನೀನು ಕುಂಬಾರ ಅಂತಾಳೆ. ಹರಿ ಅಂದ್ರೆ ಕೋತಿಯೇನು ಅಂತಾಳೆ. ಅವನು ಹೇಳುವ ಹೆಸರೆಲ್ಲ ನಿಜ, ಅವಳು ಹೇಳುವ ಅರ್ಥವೂ ನಿಜ, ಬಾಗಿಲು ಮಾತ್ರ ಹಾಕಿದ್ದು ಹಾಕಿದಂಗೇ ಇರುತ್ತದೆ.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಇದೇ ಬಾಗಿಲಿನದು. ಬ್ಯಾಂಕಿನ ಆ್ಯಪ್‌ಗಳಲ್ಲಿ ಒಳಗೆ ಬರುವವನು ಯಾರು ಅಂತ ಪರೀಕ್ಷೆ ಮಾಡುವ ಭಾಗ ಇರುತ್ತದಲ್ಲ, ಅದನ್ನು ಬರೆಯುವ ಗುಂಪಿನಲ್ಲಿದ್ದೇನೆ. ನಮ್ಮ ಧಂದೆಯಲ್ಲಿ ಒಬ್ಬ ಮನುಷ್ಯನನ್ನು ಗುರುತು ಹಿಡಿಯಲು ಮೂರು ದಾರಿ: ಅವನಿಗೆ ಏನು ಗೊತ್ತಿದೆ, ಅವನ ಹತ್ತಿರ ಏನಿದೆ, ಅವನು ಏನಾಗಿದ್ದಾನೆ. ಪಾಸ್‌ವರ್ಡ್ ಮೊದಲನೆಯದು, ಮೊಬೈಲಿಗೆ ಬರುವ ಓಟಿಪಿ ಎರಡನೆಯದು, ಬೆರಳಚ್ಚು, ಮುಖ ಮೂರನೆಯದು. ಕೃಷ್ಣನ ಹತ್ತಿರ ಮೂರೂ ಇತ್ತು. ಹೆಸರಿತ್ತು, ಚಕ್ರವಿತ್ತು, ಆ ಮುಖವಂತೂ ಮೂರು ಲೋಕಕ್ಕೆ ಗೊತ್ತಿದ್ದ ಮುಖ. ಪರೀಕ್ಷೆಯಲ್ಲಿ ಪಾಸಾದರೂ ಬಾಗಿಲು ತೆರೆಯಲಿಲ್ಲ. ಅವನು ಯಾರು ಅನ್ನೋದು ಭಾಮೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ತೆರೆಯಲಿಲ್ಲ.

ಆಗ ಅವನು ಕೊರವಂಜಿಯ ವೇಷ ಹಾಕುತ್ತಾನೆ. ನಮ್ಮೂರ ಆಟದಲ್ಲಿ ಈ ಭಾಗಕ್ಕೆ ಮಲಗಿದವರೂ ಎದ್ದು ಕೂರುತ್ತಿದ್ದರು. ಕಚ್ಚೆ ಹಾಕಿ ಉಟ್ಟ ಸೀರೆ, ಕೊರಳ ತುಂಬ ಮಣಿಸರ, ಬಗಲಲ್ಲಿ ಬುಟ್ಟಿ, ಕೈಯಲ್ಲಿ ಕೋಲು, ಬೆನ್ನಿಗೆ ಜೋಳಿಗೆಯಲ್ಲಿ ಕಟ್ಟಿದ ಅರಿವೆಯ ಕೂಸು. ಕಣಿ ಹೇಳ್ತೀನಿ ಅಂತ ಕೂಗುತ್ತಾ ಬರುತ್ತಾಳೆ. ಮಾಧವನಿಗೆ ತೆರೆಯದ ಬಾಗಿಲು ಕೊರವಿಗೆ ಒಂದೇ ಕೂಗಿಗೆ ತೆರೆಯುತ್ತದೆ. ಭಾಮೆ ಅಂಗೈ ಚಾಚಿ ಕೂರುತ್ತಾಳೆ. ಗಂಡನ ಮುಂದೆ ಬಾಯಿ ಬಿಡದವಳು ಕೊರವಿಯ ಮುಂದೆ ಮನಸ್ಸು ಬಿಚ್ಚುತ್ತಾಳೆ. ಅವನ ಮೇಲೆ ಸಿಟ್ಟು ಎಷ್ಟು, ಆಸೆ ಎಷ್ಟು, ಎಲ್ಲಾ ಹೇಳುತ್ತಾಳೆ. ಕೊರವಿ ಹೂಂಗುಟ್ಟುತ್ತಾಳೆ. ನಾವು ನಗುತ್ತೇವೆ.

ಕಾಮಿಡಿ ನಾಟಕಗಳಲ್ಲಿ ಇದು ಜಗತ್ತಿನ ತುಂಬ ನಡೆಯುವ ಸಂಗತಿ. ಶೇಕ್ಸ್‌ಪಿಯರನ ‘ಆ್ಯಸ್ ಯೂ ಲೈಕ್ ಇಟ್’ನಲ್ಲಿ ರೋಸಲಿಂಡ್ ಗಂಡು ವೇಷ ಹಾಕಿ ಕಾಡಿಗೆ ಹೋಗುತ್ತಾಳೆ. ಅವಳನ್ನೇ ಪ್ರೀತಿಸುವ ಒರ್ಲಾಂಡೊ ಅವಳ ಮುಂದೆಯೇ ಕುಂತು, ಅವಳೇ ಅಂತ ಗೊತ್ತಿಲ್ಲದೆ, ಅವಳ ಮೇಲಿನ ಪ್ರೀತಿ ಹೇಳಿಕೊಳ್ಳುತ್ತಾನೆ. ಅಲ್ಲಿಯೂ ಹೆಣ್ಣಿನ ಪಾತ್ರ ಮಾಡುತ್ತಿದ್ದವರು ಹುಡುಗರೇ. ಅಂದ್ರೆ ಹುಡುಗ ಹುಡುಗಿಯಾಗಿ, ಆ ಹುಡುಗಿ ಮತ್ತೆ ಹುಡುಗನಾಗಬೇಕು. ನಮ್ಮಲ್ಲಿ ಹೊಲದಲ್ಲಿ ಕುಂಟೆ ಹೊಡೆಯುವವನು ಕೃಷ್ಣನಾಗಿ, ಆ ಕೃಷ್ಣ ಕೊರವಿಯಾಗುತ್ತಾನೆ. ಲಂಡನ್ನಿಗೂ ನಮ್ಮೂರಿಗೂ ಕೊಡುಕೊಳ್ಳುವಿಕೆ ಏನೂ ಇರಲಿಲ್ಲ. ಆದರೂ ಇಬ್ಬರಿಗೂ ಒಂದೇ ಸತ್ಯ ಹೊಳೆದಿತ್ತು. ಎದುರಿಗಿರುವವನು ಯಾರು ಅಂತ ಗೊತ್ತಿದ್ದಾಗ ಬಾಯಿಗೆ ಬರದ ಮಾತು, ಅವನು ಬೇರೆ ಯಾರೋ ಅಂದುಕೊಂಡಾಗ ಬರುತ್ತದೆ.

ನನ್ನ ದೊಡ್ಡಪ್ಪ ಬಹಳ ವರ್ಷ ಭಾಮೆಯ ಪಾತ್ರ ಮಾಡಿದವರು. ಹಗಲು ಎತ್ತಿನ ಹಿಂದೆ, ರಾತ್ರಿ ಸೀರೆಯಲ್ಲಿ. ಜಾತ್ರೆ ತಿಂಗಳು ಬಂತೆಂದರೆ ಮೀಸೆ ಬೋಳಿಸುತ್ತಿದ್ದರು. ದೊಡ್ಡವ್ವ ಅವರ ಕುಪ್ಪಸದ ಗುಂಡಿ ಹಾಕುತ್ತಾ, ‘ನನಗಿಂತ ಛಲೋ ಕಾಣಸ್ತೀರಿ ಬಿಡ್ರಿ’ ಅಂತ ಅನ್ನುತ್ತಿದ್ದರು. ಸಿಟ್ಟಿಗೆ ಅಂತಿದ್ದರೋ ಸಂತೋಷಕ್ಕೋ ತಿಳಿಯುತ್ತಿರಲಿಲ್ಲ. ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರೂ ಹರೆಯದಲ್ಲಿ ಹೆಣ್ಣು ಪಾತ್ರಗಳಿಂದಲೇ ಬೆಳಗಿದವರು. ಮುಂದೆ ತಮ್ಮದೇ ನಾಟಕ ಕಂಪನಿ ಕಟ್ಟಿ, ಬಸವಣ್ಣನ ಪಾತ್ರದಿಂದ ಇಡೀ ನಾಡಿಗೆ ಗುರುತಾದರು. 2017ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. ಗಂಡಸರಷ್ಟೇ ಅಲ್ಲ, ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳೂ ಪಾರಿಜಾತದಲ್ಲಿ ಹೆಸರು ಮಾಡಿದಳು. ಅಂಥ ಕಾಲದಲ್ಲಿ ಹೆಣ್ಣೊಬ್ಬಳು ಅಟ್ಟ ಏರುವುದು ಸಣ್ಣ ಮಾತಲ್ಲ.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಕೃಷ್ಣನಿಗೆ ಹಾಕಲು ವೇಷಕ್ಕೆ ಬರ ಇತ್ತೇ? ಬಳೆಗಾರ ಆಗಬಹುದಿತ್ತು. ಸನ್ಯಾಸಿ ಆಗಬಹುದಿತ್ತು. ಸುಭದ್ರೆಗಾಗಿ ಅರ್ಜುನ ಸನ್ಯಾಸಿಯೇ ಆಗಲಿಲ್ಲವೇ? ಕೊರವಂಜಿಯೇ ಯಾಕೆ?

ಒಂದು ಉತ್ತರ ಸುಲಭ. ಕೊರವಂಜಿ ಎಲ್ಲರ ಮನೆ ಬಾಗಿಲಿಗೆ ಹೋಗಬಲ್ಲವಳು, ಯಾರ ಮನೆಗೂ ಸೇರಿದವಳಲ್ಲ. ಇಂದು ಬಂದು ನಾಳೆ ಮುಂದಿನ ಊರಿಗೆ ಹೋಗುವವಳ ಹತ್ತಿರ ಗುಟ್ಟು ಹೇಳಿದರೆ ಊರಲ್ಲಿ ಸುದ್ದಿಯಾಗುವುದಿಲ್ಲ. ಜೊತೆಗೆ ಅವಳು ಮುಖ ನೋಡದೆ ಮಾತಾಡುತ್ತಾಳೆ, ರಾಣಿಗೂ ಎದುರು ಹೇಳುತ್ತಾಳೆ. ತಮಿಳಿನಲ್ಲಿ ಕುರವಂಜಿ ಅನ್ನುವ ಒಂದು ನಾಟಕದ ಜಾತಿಯೇ ಬೆಳೆದಿದೆ. 1942ರಲ್ಲಿ ಡಾ. ಎಂ. ಶಿವರಾಂ, ಅಂದ್ರೆ ನಮ್ಮ ರಾಶಿಯವರು, ಕನ್ನಡದಲ್ಲಿ ನಗೆ ಪತ್ರಿಕೆ ಶುರು ಮಾಡಿದಾಗ ಅದಕ್ಕೆ ಇಟ್ಟ ಹೆಸರು ‘ಕೊರವಂಜಿ’. ನಗಿಸುತ್ತಾ ನಿಜ ಹೇಳುವವಳಿಗೆ ಅದಕ್ಕಿಂತ ಒಳ್ಳೇ ಹೆಸರು ಅವರಿಗೂ ಸಿಗಲಿಲ್ಲ.

ಇನ್ನೊಂದು ಉತ್ತರ ಅಷ್ಟು ಸುಲಭ ಅಲ್ಲ. ಅದನ್ನು ನನಗೆ ಹೇಳಿದವಳು ಒಬ್ಬ ನಿಜವಾದ ಕೊರವಿ.

ನಮ್ಮೂರ ಹಳ್ಳದ ದಂಡೆಗೆ ನಾಲ್ಕೈದು ಕೊರವರ ಮನೆಗಳಿದ್ದವು. ಈಚಲ ಗರಿಯ ಕಸಬರಿಗೆ, ಬುಟ್ಟಿ ಹೆಣೆದು ಮಾರುತ್ತಿದ್ದರು. ಅವರಲ್ಲಿ ಒಬ್ಬಾಕಿ ನಮ್ಮ ಮನೆಗೂ ಬರುತ್ತಿದ್ದಳು. ಅವಳ ಮಗ ನಮ್ಮ ಸಾಲಿಯಲ್ಲಿ ನನ್ನ ವರಗೆಯವನು. ಒಂದು ವರ್ಷ ಜಾತ್ರೆಯ ಮಾರನೇ ದಿನ ಕಸಬರಿಗೆ ಕೊಡಲು ಬಂದಾಗ ಅವ್ವ ಅವಳಿಗೆ ಕಟ್ಟಿಯ ಮೇಲೆ ಚಹಾ ಕೊಟ್ಟು, ‘ನಿನ್ನೆ ಆಟ ನೋಡಿದೇನ? ಕೊರವಂಜಿ ಹೆಂಗ ಮಾಡಿದ ನೋಡು’ ಅಂದಳು. ಆಕಿ ಚಹಾ ಊದುತ್ತಾ ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ.

‘ಬುಟ್ಟಿ ಹಿಡಿಯೂದ ಬರೂದಿಲ್ಲ ಬಿಡ ಯಕ್ಕಾ ಅವಂಗ. ಬಗಲಾಗ ಅಲ್ಲ, ಟೊಂಕದ ಮ್ಯಾಲೆ ಇಡಬೇಕು. ಕೂಸು ಅಳೂದ ಗೊತ್ತಾಗಬೇಕಂದ್ರ ಜೋಳಗಿ ಮುಂದ ಕಟ್ಟಬೇಕು, ಬೆನ್ನಿಗಲ್ಲ. ಅದು ಹೋಗ್ಲಿ. ರಾತ್ರಿ ಕೃಷ್ಣ ಕೊರವಿ ಆಗಿ ಬಂದ್ರ ಮೊರದ ತುಂಬ ಜೋಳ ಹಾಕ್ತಾರ. ಹಗಲಿ ಕೊರವಿನ ಬಂದ್ರ ಮೊದಲ ಒಣಾ ಹಾಕಿದ ಸೀರಿ ಎಣಸ್ತಾರ.’

ಅವ್ವ ನಕ್ಕಳು. ಆಕಿಯೂ ನಕ್ಕಳು. ಇಬ್ಬರ ನಗುವೂ ಬೇಗ ನಿಂತಿತು. ಯಾಕಂದ್ರೆ ಹಿಂದಿನ ವರ್ಷ ಊರಲ್ಲಿ ಒಂದು ಮನೆಗೆ ತುಡುಗಾದಾಗ ಮೊದಲು ಎಳೆದುಕೊಂಡು ಹೋಗಿದ್ದು ಆಕಿಯ ಗಂಡನನ್ನು. ನಾಲ್ಕು ದಿನ ಬಿಟ್ಟು ಕಳುಹಿಸಿದರು. ತುಡುಗು ಮಾಡಿದವನು ಆ ಮನೆಯವರದೇ ಸಂಬಂಧಿಕ ಅಂತ ಆಮೇಲೆ ತಿಳಿಯಿತು. ಕಟ್ಟಿಯ ಮೇಲೆ ಕುಂತು ಈ ಗಂಡಸನ್ನು ಬೈದಿದ್ದ ಹಿರಿಯರು ಆಗ ಸುದ್ದಿ ಬದಲಿಸಿ ಮಳೆಯ ಬಗ್ಗೆ ಮಾತಾಡಿದರು.

ಆಕಿಯ ಮಾತಿನ ಹಿಂದೆ ಒಂದು ಇತಿಹಾಸ ಇದೆ ಅಂತ ನನಗೆ ಗೊತ್ತಾಗಿದ್ದು ಇಂಜಿನಿಯರಿಂಗ್ ಓದಲು ಹೋದ ಮೇಲೆ, ಓದಬೇಕಾದ್ದು ಬಿಟ್ಟು ಬೇರೆ ಓದುವಾಗ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. 1911ರ ಕಾಯ್ದೆಯ ನಂತರ ಅದು ಮುಂಬಯಿ, ಮದ್ರಾಸು ಪ್ರಾಂತಗಳಲ್ಲೂ ಗಟ್ಟಿಯಾಗಿ ಬೇರೂರಿತು. ಆಗ ನಮ್ಮ ಬೆಳಗಾವಿ ಸೀಮೆ ಮುಂಬಯಿ ಪ್ರಾಂತದಲ್ಲಿತ್ತು. ಈ ಕಾಯ್ದೆಯ ತಿರುಳು ಇಷ್ಟೇ: ಇಂಥ ಜಾತಿಯಲ್ಲಿ ಹುಟ್ಟಿದವನು ಹುಟ್ಟಿನಿಂದಲೇ ಕಳ್ಳ. ಅವನು ಏನು ಮಾಡಿದ ಅಂತ ಸಾಬೀತು ಮಾಡಬೇಕಾಗಿಲ್ಲ. ಹೆಸರು ಪಟ್ಟಿಯಲ್ಲಿದ್ದರೆ ಮುಗಿಯಿತು, ಹಾಜರಿ ಕೊಡಬೇಕು, ಕೇಳದೆ ಊರು ಬಿಡುವಂತಿಲ್ಲ. ಆ ಪಟ್ಟಿಯಲ್ಲಿ ಕೊರವರೂ ಇದ್ದರು. ಅವರನ್ನು ತಂದು ಇಡಲು ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಸೆಟ್ಲ್‌ಮೆಂಟ್‌ಗಳನ್ನು ಮಾಡಿದರು. ಹುಬ್ಬಳ್ಳಿಯಲ್ಲಿ ಇವತ್ತಿಗೂ ಆ ಜಾಗದ ಹೆಸರು ಸೆಟ್ಲ್‌ಮೆಂಟೇ. ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ, 1952ರ ಆಗಸ್ಟ್ 31ರಂದು, ಈ ಜನರ ಮೇಲಿನ ಹಣೆಪಟ್ಟಿ ತೆಗೆದರು. ಕಾಗದದ ಮೇಲಿಂದ ತೆಗೆದರು. ಕಟ್ಟಿಯ ಮೇಲಿನ ಮಾತಿನಿಂದ ತೆಗೆಯಲು ಯಾವ ಸರ್ಕಾರದ ಆದೇಶಕ್ಕೂ ಆಗಿಲ್ಲ.

ಅಂದ್ರೆ ನೋಡ್ರಿ, ಒಂದೇ ಸೀರೆ, ಒಂದೇ ಬುಟ್ಟಿ. ರಾತ್ರಿ ಆ ಸೀರೆಯೊಳಗೆ ದೇವರಿದ್ದಾನೆ ಅಂತ ಊರಿಗೆಲ್ಲ ಗೊತ್ತು. ಹಗಲು ಅದೇ ಸೀರೆಯೊಳಗೆ ಕಳ್ಳಿ ಇದ್ದಾಳೆ ಅಂತ ಊರು ಅಂದುಕೊಂಡಿದೆ. ಒಬ್ಬ ಮನುಷ್ಯಳು ಇದ್ದಾಳೆ, ಕಸಬರಿಗೆ ಮಾರಿ ಮಗನ ಸಾಲಿಯ ಪುಸ್ತಕ ತರಬೇಕಾಗಿದೆ ಅನ್ನೋದು ಎರಡೂ ಹೊತ್ತಿನಲ್ಲಿ ಕಾಣುವುದಿಲ್ಲ. ಆಟದಲ್ಲಿ ಭಾಮೆಯನ್ನು ನೋಡಿ ನಗುವ ನಾವು, ಬೆಳಗಾದ ಮೇಲೆ ನಮ್ಮ ನಮ್ಮ ಬಾಗಿಲಲ್ಲಿ ಭಾಮೆಯರೇ. ಅವಳೂ ಅರಿವೆ ನೋಡಿ ತೀರ್ಮಾನ ಮಾಡಿದಳು, ನಾವೂ ಹಾಗೇ ಮಾಡುತ್ತೇವೆ. ಒಂದೇ ಫರಕು, ಭಾಮೆ ನಂಬಿ ಬಾಗಿಲು ತೆರೆದಳು.

ಹಾಗಾದರೆ ನಿಜವಾದ ಮೋಸ ಯಾವ ವೇಷದಲ್ಲಿ ಬರುತ್ತದೆ? ಅದಕ್ಕೂ ನಮ್ಮ ಸೀಮೆಯಲ್ಲೇ ಇನ್ನೊಂದು ಆಟ ಇದೆ. ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದ ಕಥೆ. ಸಂಗ್ಯಾ ಸಾವುಕಾರ, ಬಾಳ್ಯಾ ಅವನ ಜೀವದ ಗೆಳೆಯ. ಸಂಗ್ಯಾ ಇನ್ನೊಬ್ಬನ ಹೆಂಡತಿ ಗಂಗಿಯ ಮೇಲೆ ಮನಸ್ಸಿಡುತ್ತಾನೆ. ಕೊನೆಗೆ ಆ ಗೆಳೆಯನೇ ಅವನನ್ನು ಕೊಲ್ಲುವವರ ಕೈಗೆ ಒಪ್ಪಿಸುತ್ತಾನೆ. ಆ ಆಟದಲ್ಲಿ ಯಾರೂ ವೇಷ ಬದಲಿಸುವುದಿಲ್ಲ ಅನ್ನೋದನ್ನು ಗಮನಿಸಿದ್ದೀರಾ? ಬಾಳ್ಯಾನ ಮುಖ ಮೊದಲಿಂದ ಕೊನೆಯ ತನಕ ಬಾಳ್ಯಾನ ಮುಖವೇ. ಸೀರೆ ಇಲ್ಲ, ಬುಟ್ಟಿ ಇಲ್ಲ. ಕರೆಯುವ ದನಿ ಗುರುತಿನದು, ಹಿಡಿಯುವ ಕೈ ಗುರುತಿನದು. ಇದೇ ತಾಲೂಕಿನ ಸಂಗೊಳ್ಳಿಯ ರಾಯಣ್ಣನನ್ನು ಬ್ರಿಟಿಷರ ಕೈಗೆ ಹಿಡಿದುಕೊಟ್ಟದ್ದೂ ದೂರದವರಲ್ಲ, ನಂಬಿದವರೇ. ವೇಷ ಇರುವ ಮೋಸ ನಗಿಸುತ್ತದೆ. ವೇಷ ಇಲ್ಲದ ಮೋಸ ಜೀವ ತೆಗೆಯುತ್ತದೆ. ಪಾರಿಜಾತವನ್ನೂ ಸಂಗ್ಯಾ ಬಾಳ್ಯಾವನ್ನೂ ಒಂದೇ ಜಾತ್ರೆಯಲ್ಲಿ ಹಿಂದೆ ಮುಂದೆ ಆಡಿಸುತ್ತಿದ್ದ ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ.

ಈಗ ಮೂರನೇ ತರದ್ದೊಂದು ಬಂದಿದೆ, ಅದು ನನ್ನ ಕೆಲಸಕ್ಕೆ ಹತ್ತಿರದ್ದು. ಮೊಬೈಲಿಗೆ ವಿಡಿಯೋ ಕಾಲ್ ಬರುತ್ತದೆ. ಆ ಕಡೆ ಖಾಕಿ ಅಂಗಿ, ಭುಜದ ಮೇಲೆ ನಕ್ಷತ್ರ, ಹಿಂದೆ ಗೋಡೆಗೆ ಸರ್ಕಾರಿ ಲಾಂಛನ. ‘ನಿಮ್ಮ ಹೆಸರಿನಲ್ಲಿ ಕೇಸ್ ಆಗಿದೆ, ಕಾಲ್ ಕಟ್ ಮಾಡಬೇಡಿ, ಮನೆಯವರಿಗೆ ಹೇಳಬೇಡಿ’ ಅಂತಾರೆ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಆದರೆ ನಮ್ಮ ಪಕ್ಕದ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚ್‌ನಲ್ಲಿ ವಯಸ್ಸಾದ ದಂಪತಿ ಇಂಥ ಕಾಟಕ್ಕೇ ಜೀವ ಕಳೆದುಕೊಂಡರು. ಆ ಸುದ್ದಿ ಓದಿದ ರಾತ್ರಿ ನಾನು ಅವ್ವನಿಗೆ ಫೋನ್ ಮಾಡಿ ಅರ್ಧ ತಾಸು ಮಾತಾಡಿದೆ. 1930 ಅನ್ನುವ ಸಹಾಯವಾಣಿ ನಂಬರನ್ನು ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆಸಿದೆ.

ಅವ್ವ ಕೇಳಿದಳು, ‘ಪೊಲೀಸರ ಅರಿವಿ ಹಾಕ್ಕೊಂಡಿದ್ರ ಹೆಂಗಪಾ ಗೊತ್ತಾಗಬೇಕು?’

ಪ್ರಶ್ನೆ ಸರಿಯಾದದ್ದೇ. ಬುಟ್ಟಿ ಹೊತ್ತವಳು ಬಂದರೆ ಸೀರೆ ಎಣಿಸುವ ಕಣ್ಣು ಖಾಕಿ ಕಂಡರೆ ಎಣಿಸುವುದನ್ನೇ ಬಿಡುತ್ತದೆ. ಎರಡೂ ಒಂದೇ ರೋಗ. ಬಡವರ ಅರಿವೆ ಕಂಡರೆ ಸಂಶಯ, ಅಧಿಕಾರದ ಅರಿವೆ ಕಂಡರೆ ನಂಬಿಕೆ. ಕಳ್ಳರಿಗೆ ಇದು ಬಹಳ ಚೆನ್ನಾಗಿ ಗೊತ್ತು, ಅದಕ್ಕೇ ಅವರು ಯಾವತ್ತೂ ಕೊರವಂಜಿಯ ವೇಷದಲ್ಲಿ ಫೋನ್ ಮಾಡುವುದಿಲ್ಲ. ನಾನು ಅವ್ವನಿಗೆ ಭಾಗವತನ ಉಪಾಯ ಹೇಳಿದೆ. ಆಟದಲ್ಲಿ ಯಾವ ಪಾತ್ರ ಬಂದರೂ, ದೇವರೇ ಬಂದರೂ, ಭಾಗವತ ಸುಮ್ಮನೆ ಬಿಡುತ್ತಾನೇನು? ತಾವು ಯಾರು, ಯಾವೂರಿಂದ ಬಂದಿರಿ, ಯಾಕೆ ಬಂದಿರಿ ಅಂತ ನಿಲ್ಲಿಸಿ ಕೇಳುತ್ತಾನೆ. ಎಲ್ಲರ ಎದುರಿಗೆ, ಗಟ್ಟಿಯಾಗಿ ಕೇಳುತ್ತಾನೆ. ಮೋಸ ಮಾಡುವವನಿಗೆ ಬೇಕಾದ್ದು ನೀನು ಒಬ್ಬಳೇ ಇರುವುದು, ಯಾರಿಗೂ ಹೇಳದೆ ಇರುವುದು. ಅಂಥ ಕಾಲ್ ಬಂದರೆ ಫೋನ್ ಇಟ್ಟು ಪಕ್ಕದ ಮನೆಯವರನ್ನು ಕರಿ, ಅದೇ ನಿನ್ನ ಭಾಗವತ ಅಂದೆ. ‘ಇಷ್ಟ ಹೇಳಾಕ ಬಿಇ ಓದಬೇಕಾತೇನು’ ಅಂತ ನಕ್ಕು ಫೋನ್ ಇಟ್ಟಳು.

ಇಷ್ಟು ಬರೆದ ಮೇಲೆ ನಮ್ಮೂರ ಪಾರಿಜಾತದ ಇತ್ತೀಚಿನ ಸುದ್ದಿಯೊಂದನ್ನು ಹೇಳಲೇಬೇಕು. ಕಸಬರಿಗೆ ಮಾರುತ್ತಿದ್ದಾಕಿಯ ಮಗ, ನನ್ನ ಗೆಳೆಯ, ಈಗ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಕಂಡಕ್ಟರ್. ಬೈಲಹೊಂಗಲ, ಸವದತ್ತಿ, ರಾಮದುರ್ಗ ರಸ್ತೆಯ ಮೇಲೆ ಅವನ ದಿನ ಕಳೆಯುತ್ತದೆ. ದನಿ ಬಹಳ ಒಳ್ಳೆಯದು, ಬಸ್ಸು ಖಾಲಿ ಇದ್ದಾಗ ಹಾಡುತ್ತಾನೆ. ಹಳೇ ಆಟಗಾರರಿಗೆಲ್ಲ ವಯಸ್ಸಾಗಿ, ಆಡುವವರೇ ಇಲ್ಲದಾಗ ಊರ ಹುಡುಗರು ಮತ್ತೆ ಪಾರಿಜಾತ ಆಡಬೇಕು ಅಂತ ಹೊರಟರು. ಇವನನ್ನೂ ಕರೆದರು. ಪಾತ್ರ ಹಂಚುವಾಗ ಮಾಸ್ತರರು, ‘ಕೃಷ್ಣ ಇಂವಗ’ ಅಂದರು.

ಕಟ್ಟಿಯ ಮೇಲಿನ ಒಬ್ಬ ಹಿರಿಯರು ಕೆಮ್ಮಿದರು. ಕೃಷ್ಣನ ಪಾತ್ರ ಬೇರೆ ಯಾರಾದರೂ ಮಾಡಲಿ ಅಂದರು. ಜಾತಿಯ ಮಾತು ಎತ್ತಲಿಲ್ಲ, ಈಗ ಯಾರೂ ಎತ್ತುವುದಿಲ್ಲ. ‘ಕೊರವಂಜಿ ಪಾರ್ಟು ಅವಗ ಕೊಡ್ರಿ, ಅವಗ ಛಲೋ ಒಪ್ಪತೈತಿ’ ಅಂದರು ಅಷ್ಟೇ.

ಮಾಸ್ತರರು ಪುಸ್ತಕದಿಂದ ತಲೆ ಎತ್ತದೆ, ‘ಆತ್ರಿ, ಕೊರವಂಜಿ ಅವಂಗ’ ಅಂತ ಬರೆದುಕೊಂಡರು. ಆಮೇಲೆ ಕೇಳಿದರು, ‘ಕೊರವಂಜಿ ಅಂದ್ರ ಕೃಷ್ಣನ ಅಲ್ಲೇನ್ರಿ ಮತ್ತ? ಅರ್ಧ ಕೃಷ್ಣ ಒಬ್ಬಾಂವ, ಅರ್ಧ ಕೃಷ್ಣ ಇನ್ನೊಬ್ಬಾಂವ ಮಾಡಾಕ ಬರ್ತೈತೇನು?’

ಕುಂತವರೆಲ್ಲ ನಕ್ಕರು. ಹಿರಿಯರಿಗೂ ನಗದೆ ವಿಧಿ ಇರಲಿಲ್ಲ. ಮಾಸ್ತರರು ಇದನ್ನು ಮೊದಲೇ ಯೋಚಿಸಿ ಇಟ್ಟಿದ್ದರೋ, ಬಾಯಿಗೆ ಹಾಗೇ ಬಂತೋ ಗೊತ್ತಿಲ್ಲ. ಆ ಆಟ ನೋಡಲೆಂದೇ ನಾನು ರಜೆ ಹಾಕಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದೆ. ಬುಟ್ಟಿ ಟೊಂಕದ ಮೇಲಿತ್ತು. ಜೋಳಿಗೆ ಮುಂದೆ ಕಟ್ಟಿತ್ತು. ಆಕಿ ಹೆಣ್ಣುಮಕ್ಕಳ ಸಾಲಿನಲ್ಲಿ ನಮ್ಮ ಅವ್ವನ ಪಕ್ಕ ಕುಂತು ನೋಡಿದಳು. ಯಾರೋ ಐನೂರು ರೂಪಾಯಿ ಆಹೇರಿ ಮಾಡಿದರು, ಮೈಕಿನಲ್ಲಿ ಅವನ ಹೆಸರು ಕೂಗಿದರು.

ಬೆಳಗಿನ ಜಾವ ಬಣ್ಣ ತೊಳೆಯುವಾಗ ಹತ್ತಿರ ಹೋದೆ. ಕೊಬ್ಬರಿ ಎಣ್ಣೆ ಹಚ್ಚಿ ನೀಲಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಹೆಂಗನಿಸಿತು ಅಂತ ಕೇಳಿದೆ.

‘ಕೊರವಿ ಮಾಡೂದು ಸಲೀಸು ಲೇ. ಹುಟ್ಟಿದಾಗಿಂದ ನಮ್ಮವ್ವನ್ನ ನೋಡೇನಿ. ಕೃಷ್ಣ ಆಗಿ ಮೊದಲ ಹೊರಗ ಬಂದಾಗ ಎದಿ ಹೊಡ್ಕೊಂಡ್ತು ನೋಡು. ಕಿರೀಟ ಇಟ್ಕೊಂಡಾಂವನ್ನ ನೋಡಿ ಮಂದಿ ನಗ್ತಾರ ಅಂತ ತಿಳ್ಕೊಂಡಿದ್ದೆ. ಯಾರೂ ನಗಲಿಲ್ಲ. ಸೀರಿ ಉಟ್ಟು ಬಂದ ಮ್ಯಾಲೇ ನಕ್ಕರು.’

ಟಾವೆಲ್ ಹೆಗಲಿಗೆ ಹಾಕಿಕೊಂಡು ಎದ್ದ. ಏಳೂವರೆಯ ಬಸ್ಸಿಗೆ ಅವನದೇ ಡ್ಯೂಟಿ ಇತ್ತು. ಖಾಕಿ ಅಂಗಿ ಮನೆಯಲ್ಲಿ ಇಸ್ತ್ರಿ ಮಾಡಿಟ್ಟಿದ್ದರಂತೆ.